ಜಿಂಜರ್‌ಬ್ರೆಡ್ ಮನೆ ಕಟ್ಟುತ್ತಾ ಇಂಗ್ಲಿಷ್ ಮಾತಾಡಿ

ಎಚ್-4 ವೀಸಾದಲ್ಲಿ, ಅಂದರೆ ಅಲ್ಲಿ ಕೆಲಸಕ್ಕೆ ಹೋದವರ ಕುಟುಂಬಕ್ಕೆ ಸಿಗುವ ವೀಸಾದಲ್ಲಿ, ಅಮೆರಿಕಕ್ಕೆ ಹೋದವರಿಗೆ ಮೊದಲ ಚಳಿಗಾಲ ಅಷ್ಟು ಸುಲಭವಲ್ಲ. ಗಂಡ ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ. ಚಿಕಾಗೊದಂಥ ಊರಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಅಂಗಡಿಯಲ್ಲಿ ಮಾತಾಡಲು ಹೋದರೆ ನಾಲಿಗೆ ತಡವರಿಸುತ್ತದೆ.

ಇಂಥವರಿಗಾಗಿ ಅಲ್ಲಿನ ಎಷ್ಟೋ ಚರ್ಚ್‌ಗಳು ಇಎಸ್ಎಲ್ ಎಂಬ ಇಂಗ್ಲಿಷ್ ಕ್ಲಾಸ್ ನಡೆಸುತ್ತವೆ. ಸಾಮಾನ್ಯವಾಗಿ ಫೀಸ್ ಇಲ್ಲ, ಇದ್ದರೂ ಪುಸ್ತಕದ ಖರ್ಚಿನಷ್ಟು. ಎಚ್-4 ಇದ್ದವರು ಕಲಿಯಲು ವೀಸಾದ ಅಡ್ಡಿಯೂ ಇಲ್ಲ. "ಜನವರಿಯಲ್ಲಿ ಹೊಸ ಬ್ಯಾಚ್ ಬರುತ್ತಲ್ಲ, ಆಗ ಸೇರೋಣ" ಅಂತ ಸುಮ್ನೆ ಕೂರಬೇಡಿ. ಸೇರುವುದಾದರೆ ಡಿಸೆಂಬರ್‌ನಲ್ಲೇ ಸೇರಿ. ಆ ತಿಂಗಳು ವ್ಯಾಕರಣದ ಪುಸ್ತಕ ಮೂಲೆಗೆ ಹೋಗಿ ಕ್ರಿಸ್‌ಮಸ್ ಕೆಲಸ ಮೇಜಿಗೆ ಬರುತ್ತದೆ. ಕೈ ಕೆಲಸದಲ್ಲಿದ್ದಾಗ ಬಾಯಿಗೆ ಹೆದರಿಕೆ ಕಡಿಮೆ.

ಹಂತ 1: ಹುಡುಕಿ, ಫೋನ್ ಮಾಡಿ

ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿ, ಪಟ್ಟಿ ಅಲ್ಲೇ ಸಿಗಬಹುದು. ಫೋನ್ ಮಾಡಿದಾಗ ಮೂರು ವಿಷಯ ಕೇಳಿಕೊಳ್ಳಿ: ಮಗುವನ್ನು ನೋಡಿಕೊಳ್ಳುವವರು ಇರುತ್ತಾರಾ, ಕಾರಿಲ್ಲದವರನ್ನು ಯಾರಾದರೂ ಕರೆದುಕೊಂಡು ಹೋಗುತ್ತಾರಾ, ಕ್ಲಾಸ್‌ನಲ್ಲಿ ಬೈಬಲ್ ಓದಿಸುತ್ತೀರಾ.

ಮೂರನೆಯದನ್ನು ಕೇಳಲು ಸಂಕೋಚ ಬೇಡ. ಕೆಲವು ಚರ್ಚ್‌ಗಳಲ್ಲಿ ಬರೀ ಇಂಗ್ಲಿಷ್, ಕೆಲವು ಕಡೆ ಕೊನೆಗೆ ಹದಿನೈದು ನಿಮಿಷ ಬೈಬಲ್ ಓದು ಇರುತ್ತದೆ. ಧರ್ಮದ ಮಾತು ಹಂಚಿಕೊಳ್ಳುವ ಆಸೆ ಅವರಿಗೆ ಇದ್ದೇ ಇರುತ್ತದೆ, ಅದನ್ನು ಬಹಳಷ್ಟು ಜನ ಮುಚ್ಚಿಡುವುದೂ ಇಲ್ಲ. ಬೇಡವಾದರೆ "ನೋ ಥ್ಯಾಂಕ್ಸ್, ಐ ಕೇಮ್ ಫಾರ್ ದಿ ಇಂಗ್ಲಿಷ್ ಕ್ಲಾಸ್" ಅಂತ ನಗುತ್ತಾ ಹೇಳಿ, ಸಾಕು. ಹೇಳಿದ ಮೇಲೂ ಒತ್ತಾಯ ಮಾಡಿದರೆ ಬೇರೆ ಕ್ಲಾಸ್ ನೋಡಿಕೊಳ್ಳಿ.

ಹಂತ 2: ಮನೆ ಕಟ್ಟಿ

ಜಿಂಜರ್‌ಬ್ರೆಡ್ ಅಂದರೆ ಶುಂಠಿ, ದಾಲ್ಚಿನ್ನಿ, ಕಾಕಂಬಿ ಹಾಕಿದ ಬಿಸ್ಕತ್ತು. ಅದರಲ್ಲಿ ಪುಟ್ಟ ಮನೆ ಕಟ್ಟುತ್ತಾರೆ. ಕ್ಲಾಸ್‌ಗಳಲ್ಲಿ ಸಾಮಾನ್ಯವಾಗಿ ಸುಲಭದ ದಾರಿ: ಹಾಲಿನ ಸಣ್ಣ ಖಾಲಿ ಡಬ್ಬಿಗೆ ಗ್ರಹಾಂ ಕ್ರ್ಯಾಕರ್ ಬಿಸ್ಕತ್ತು ಅಂಟಿಸುವುದು. ಅಂಟು ರಾಯಲ್ ಐಸಿಂಗ್, ಅಂದರೆ ಮೊಟ್ಟೆಯ ಬಿಳಿ ಮತ್ತು ಸಕ್ಕರೆ ಪುಡಿ ಕಲಸಿದ ಗಟ್ಟಿ ಪೇಸ್ಟ್.

ಗೋಡೆ ನಿಂತುಬಿಡುತ್ತದೆ, ಕಷ್ಟ ಇರುವುದು ಚಾವಣಿಯಲ್ಲಿ. ಐಸಿಂಗ್ ಒಣಗುವ ಮೊದಲೇ ಎರಡೂ ಬಿಸ್ಕತ್ತು ಮೆಲ್ಲಗೆ ಕೆಳಗೆ ಜಾರುತ್ತವೆ. ಪಕ್ಕದಲ್ಲಿ ಕೂತ ಕೊರಿಯಾದವರೋ ಬ್ರೆಜಿಲ್‌ನವರೋ ಹಿಡಿದುಕೊಳ್ಳಲೇಬೇಕು. "ಹೋಲ್ಡ್ ದಿಸ್ ಸೈಡ್", "ಇಟ್ಸ್ ಸ್ಲೈಡಿಂಗ್", "ಎ ಲಿಟಲ್ ಹೈಯರ್", "ಕ್ಯಾನ್ ಯು ಪಾಸ್ ದಿ ಗ್ರೀನ್ ಒನ್ಸ್?" ಇವನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಚಾವಣಿಯೇ ಹೇಳಿಸುತ್ತದೆ. ಆನ್, ಅಂಡರ್, ನೆಕ್ಸ್ಟ್ ಟು ಪದಗಳ ಗೊಂದಲವೂ ಇಲ್ಲೇ ಬಗೆಹರಿಯುತ್ತದೆ. ಇಬ್ಬರೂ ಒಂದೇ ಭಾಷೆಯವರಾದರೆ ಕಥೆ ಮುಗಿಯಿತು, ಕನ್ನಡವೋ ಹಿಂದಿಯೋ ಶುರು! ಅದಕ್ಕೇ ಬೇರೆ ದೇಶದವರ ಪಕ್ಕ ಕೂರಿ.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಐಸಿಂಗ್‌ನಲ್ಲಿ ಮೊಟ್ಟೆ ಇರುತ್ತದೆ. ಅಲಂಕಾರಕ್ಕಿಡುವ ಮಾರ್ಷ್‌ಮ್ಯಾಲೊ, ಮೆತ್ತನೆಯ ಕ್ಯಾಂಡಿಗಳಲ್ಲಿ ಪ್ರಾಣಿಮೂಲದ ಜೆಲಟಿನ್ ಇರಬಹುದು. "ಡಸ್ ದಿಸ್ ಹ್ಯಾವ್ ಜೆಲಟಿನ್?" ಅಂತ ಕೇಳಿ. ಕಟ್ಟಲು ಅಡ್ಡಿಯಿಲ್ಲ, ತಿನ್ನುವ ಮೊದಲು ಪೊಟ್ಟಣ ಓದಿ.

ಹಂತ 3: ಕಥೆ ಕೇಳಿ, ತಿರುಗಿ ಹೇಳಿ

ಚರ್ಚ್ ಅಂದ ಮೇಲೆ ಯೇಸು ಹುಟ್ಟಿದ ಕಥೆ ಬಂದೇ ಬರುತ್ತದೆ. ಕಾನ್ವೆಂಟ್‌ನಲ್ಲಿ ಓದಿದವರು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಜೋಡಣೆ, ನೋಡಿರುತ್ತೀರಿ. ಬೈಬಲಿನಲ್ಲಿ ಲೂಕನ ಸುವಾರ್ತೆಯ 2ನೇ ಅಧ್ಯಾಯದ ಮೊದಲಲ್ಲಿರುವ ಈ ಕಥೆ ಚಿಕ್ಕದು, ಭೂತಕಾಲ ಕಲಿಯಲು ಹೇಳಿ ಮಾಡಿಸಿದ ಹಾಗಿದೆ. ಜನಗಣತಿಗೆ ಹೆಸರು ಬರೆಸಲು ಯೋಸೇಫ, ಮರಿಯ ನಜರೇತಿನಿಂದ ಬೇತ್ಲೆಹೇಮಿಗೆ ಹೋದರು, ಛತ್ರದಲ್ಲಿ ಜಾಗ ಸಿಗಲಿಲ್ಲ, ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮೇವಿನ ತೊಟ್ಟಿಯಲ್ಲಿ ಮಲಗಿಸಿದರು. ವೆಂಟ್, ರ್‍ಯಾಪ್ಡ್, ಲೇಡ್, ಫೌಂಡ್ ಎಲ್ಲವೂ ಇಲ್ಲಿವೆ. ಗೋದಲಿಯ ಮೂರು ಗೊಂಬೆ ನೋಡಿ, ಮಗುವನ್ನು ಕಾಣಲು ಕಾಣಿಕೆ ಹಿಡಿದು ಬಂದ ಜೋಯಿಸರು ಮೂವರೇ ಅಂದುಕೊಂಡಿರುತ್ತೇವೆ, ಅಲ್ವಾ? ಅವರ ಕಥೆ ಇರುವುದು ಮತ್ತಾಯನ ಸುವಾರ್ತೆಯಲ್ಲಿ, ಅವನು ಎಷ್ಟು ಜನ ಅಂತ ಹೇಳುವುದೇ ಇಲ್ಲ. ಕಾಣಿಕೆಗಳು ಮೂರು, ಅಷ್ಟೇ. ಕ್ಲಾಸ್‌ನಲ್ಲಿ ಈ ಪ್ರಶ್ನೆ ಎತ್ತಿ ನೋಡಿ, ಅರ್ಧ ಗಂಟೆ ಮಾತಿಗೆ ಬರ ಇರುವುದಿಲ್ಲ.

ಹಂತ 4: ಪಾರ್ಟಿಗೆ ತಯಾರಾಗಿ

ಕೊನೆಯ ಕ್ಲಾಸ್ ಸಾಮಾನ್ಯವಾಗಿ ಪಾಟ್‌ಲಕ್. ಎಲ್ಲರೂ ಒಂದೊಂದು ತಿಂಡಿ ತರುತ್ತಾರೆ. ಚಿತ್ರಾನ್ನ ಒಯ್ಯುವುದಾದರೆ ಕಡಲೆಬೀಜ ಬಿಟ್ಟು ಮಾಡಿ, ಇಲ್ಲವೇ ಪಾತ್ರೆಯ ಮುಂದೆ "ಕಂಟೇನ್ಸ್ ಪೀನಟ್ಸ್" ಅಂತ ಚೀಟಿ ಇಡಿ. ಅಲ್ಲಿ ಕಡಲೆಬೀಜದ ಅಲರ್ಜಿಯನ್ನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ಮಂಗಳೂರು ಕಡೆಯವರಾದರೆ ಕುಸ್ವಾರ್, ಅಂದರೆ ಅಲ್ಲಿನ ಕ್ರೈಸ್ತರ ಕ್ರಿಸ್‌ಮಸ್ ತಿಂಡಿಗಳನ್ನು, ಒಯ್ಯಿರಿ. ನೆವ್ರಿ, ಕಿಡಿಯೊ ತಟ್ಟೆಯಲ್ಲಿದ್ದರೆ "ಹೌ ಡು ಯು ಮೇಕ್ ದಿಸ್?" ಅಂತ ಯಾರಾದರೂ ಕೇಳದೆ ಇರುವುದಿಲ್ಲ. ಉತ್ತರ ಮನೆಯಲ್ಲೇ ಒಮ್ಮೆ ಗಟ್ಟಿಯಾಗಿ ಹೇಳಿಕೊಂಡು ಹೋಗಿ.

ಉಡುಗೊರೆ ಆಟ ಇದ್ದರೆ ಅದು ವೈಟ್ ಎಲಿಫೆಂಟ್ ಇರಬಹುದು. ನಿಯಮ ವಿಚಿತ್ರ. ಎಲ್ಲರೂ ಹೇಳಿದಷ್ಟು ಬೆಲೆಯೊಳಗೆ ಒಂದು ಪೊಟ್ಟಣ ತಂದು ನಂಬರ್ ಚೀಟಿ ಎತ್ತುತ್ತಾರೆ. ಒಂದನೇ ನಂಬರಿನವರು ಒಂದು ಪೊಟ್ಟಣ ಬಿಚ್ಚುತ್ತಾರೆ. ಮುಂದಿನವರು ಹೊಸದನ್ನು ಬಿಚ್ಚಬಹುದು, ಇಲ್ಲವೇ ಮೊದಲಿನವರ ಕೈಯಿಂದಲೇ ಕಸಿದುಕೊಳ್ಳಬಹುದು! ನಿಮ್ಮ ಪಾಲಿನ ಚಂದದ ಮಗ್ ಯಾರೋ ಎತ್ತಿಕೊಂಡು ಹೋದರೆ ಅದು ಅವಮಾನವಲ್ಲ, ಆಟ. "ಐ'ಮ್ ಸ್ಟೀಲಿಂಗ್ ಯುವರ್ ಮಗ್" ಅಂತ ನೀವೂ ಧೈರ್ಯವಾಗಿ ಹೇಳಿ.

ಹಾಡು ಹೇಳಿಸಿದರೆ ರಾಗ ಬರದಿದ್ದರೂ ಗುಂಪಿನ ಜೊತೆ ಬಾಯಿ ಆಡಿಸಿ. ಉಚ್ಚಾರದ ಏರಿಳಿತ ಹಿಡಿಯಲು ಅದು ಒಳ್ಳೆಯದು.

ಹಂತ 5: ಹೊರಡುವ ಮೊದಲು

ಅದೇ ದಿನ ಇಬ್ಬರ ಫೋನ್ ನಂಬರ್ ತೆಗೆದುಕೊಳ್ಳಿ. ರಜೆಯಲ್ಲಿ ಕ್ಲಾಸ್ ಇರುವುದಿಲ್ಲ, ಮಾತು ನಿಂತರೆ ಕಲಿತದ್ದು ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಕಾಫಿಗೆ ಸಿಗೋಣವಾ ಅಂತ ನೀವೇ ಮೊದಲು ಕೇಳಿ. ಜನವರಿ ಬ್ಯಾಚ್‌ನ ಫಾರಂ ಅಲ್ಲೇ ಸಿಕ್ಕರೆ ತುಂಬಿ ಕೊಟ್ಟು ಬನ್ನಿ. ಮಗುವಿದ್ದರೆ ಅದರ ಹೆಸರನ್ನೂ ಬರೆಸಿ, ಏಕೆಂದರೆ ಮಕ್ಕಳ ಕೋಣೆಯ ಜಾಗಕ್ಕೆ ಬೇಡಿಕೆ ಜಾಸ್ತಿ.