ಹಳೆಯ ಟ್ರಯಲ್ಸ್ ಬೈಕಿನ ಡ್ರಮ್ ಬ್ರೇಕ್ ಗಟ್ಟಿಯಾಗಿ ಹಿಡಿಯಬೇಕಾದರೆ

ಟ್ರಯಲ್ಸ್ ವೇಗದ ಆಟವಲ್ಲ. ಬಂಡೆ, ಕೆಸರು, ಹಳ್ಳಗಳ ನಡುವೆ ಕಾಲು ಊರದೆ, ನಡಿಗೆಯ ವೇಗದಲ್ಲಿ ಗಾಡಿ ದಾಟಿಸಬೇಕು. ಕಾಲು ನೆಲಕ್ಕೆ ತಾಗಿದರೆ ದಂಡದ ಅಂಕ. ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲನ್ನು ಜಾನಿ ಬ್ರಿಟನ್ 1952 ಮತ್ತು 1957ರಲ್ಲಿ ರಾಯಲ್ ಎನ್‌ಫೀಲ್ಡ್ ಬುಲೆಟ್ ಮೇಲೆ, ಸ್ಯಾಮಿ ಮಿಲ್ಲರ್ 1965ರಲ್ಲಿ ಬುಲ್ಟಾಕೊ ಶೆರ್ಪಾ ಟಿ ಮೇಲೆ ಗೆದ್ದದ್ದು ಡ್ರಮ್ ಬ್ರೇಕ್ ಇಟ್ಟುಕೊಂಡೇ. ಹಾಗಾಗಿ "ಹಳೇ ಗಾಡಿ, ಬ್ರೇಕ್ ಇಷ್ಟೇ" ಎಂದು ಕೈಬಿಡಬೇಕಿಲ್ಲ.

ಡ್ರಮ್ ಬ್ರೇಕಿನಲ್ಲಿ ಚಕ್ರದೊಡನೆ ತಿರುಗುವ ಡ್ರಮ್ಮಿನ ಒಳಮೈಗೆ ಶೂಗಳ ಮೇಲಿನ ಲೈನಿಂಗ್ (ಉಜ್ಜುವ ಪಟ್ಟಿ) ಒತ್ತಿ ಗಾಡಿ ನಿಲ್ಲುತ್ತದೆ. ರಸ್ತೆ ಗಾಡಿಯ ಡ್ರಮ್ ಸೋಲುವುದು ಬಿಸಿಗೆ. ಟ್ರಯಲ್ಸ್‌ನಲ್ಲಿ ಡ್ರಮ್ ಬಿಸಿಯಾಗುವುದೇ ಅಪರೂಪ. ಇಲ್ಲಿ ಬ್ರೇಕ್ ಕೆಡುವುದಕ್ಕೆ ಕಾರಣ ಬೇರೆ: ಲೈನಿಂಗ್ ಡ್ರಮ್ಮಿಗೆ ಪೂರ್ತಿ ತಾಗುತ್ತಿರುವುದಿಲ್ಲ, ಲಿವರಿನ ಎಳೆತ ದಾರಿಯಲ್ಲೇ ಸೋರಿಹೋಗುತ್ತದೆ, ಒಳಗೆ ನೀರು ನಿಲ್ಲುತ್ತದೆ. ದುಬಾರಿ ರೇಸಿಂಗ್ ಲೈನಿಂಗ್ ಹಾಕಿಸಿ ನಿರಾಶರಾಗುವವರು ಬಹಳ. ಅದು ಬಿಸಿಯಾದ ಮೇಲೆ ಹಿಡಿಯುವ ಮಾಲು. ತಣ್ಣನೆಯ ಒದ್ದೆ ಡ್ರಮ್ಮಿನಲ್ಲಿ ಮರದ ತುಂಡಿನಷ್ಟೇ ಪ್ರಯೋಜನ.

ಎರಡು ಕ್ಯಾಮ್ (ಶೂಗಳನ್ನು ಹೊರಕ್ಕೆ ತಳ್ಳುವ ತಿರುಗು ತುಂಡು) ಇರುವ ಟ್ವಿನ್ ಲೀಡಿಂಗ್ ಪ್ಲೇಟ್ (ಶೂಗಳು ಕೂರುವ ತಟ್ಟೆ) ಕೂರಿಸುವ ಯೋಚನೆಯನ್ನೂ ಬಿಡಿ. ಒಂದೇ ಕ್ಯಾಮಿನ ಬ್ರೇಕಿನಲ್ಲಿ ಒಂದು ಶೂ ಲೀಡಿಂಗ್, ಇನ್ನೊಂದು ಟ್ರೇಲಿಂಗ್. ಲೀಡಿಂಗ್ ಶೂವನ್ನು ತಿರುಗುವ ಡ್ರಮ್ಮೇ ಒಳಕ್ಕೆಳೆದು ಬಿಗಿ ಮಾಡುತ್ತದೆ. ಚಕ್ರ ಹಿಂದಕ್ಕೆ ಉರುಳಿದರೆ ಎರಡೂ ಪಾತ್ರ ಬದಲಿಸಿಕೊಳ್ಳುತ್ತವೆ, ಹಿಡಿತ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಟ್ವಿನ್ ಲೀಡಿಂಗಿನಲ್ಲಿ ಹಿಂದಕ್ಕೆ ಬಂದಾಗ ಎರಡೂ ಟ್ರೇಲಿಂಗ್ ಆಗಿಬಿಡುತ್ತವೆ. ಕಡಿದಾದ ಏರಿನಲ್ಲಿ ಎಂಜಿನ್ ಆಫ್ ಆಗಿ ಗಾಡಿ ಹಿಂದೆ ಜಾರುವಾಗ ಕೈಕೊಡುವ ಬ್ರೇಕ್ ಟ್ರಯಲ್ಸಿಗೆ ಯಾಕೆ?

ಬಿಚ್ಚುವ ಮೊದಲು ಲಿವರ್ ಹಿಡಿದು ನೋಡಿ. ಸ್ಪಂಜಿನ ಹಾಗೆ ಒಳಗೆ ಹೋಗುತ್ತಿದ್ದರೆ ದೋಷ ಕೇಬಲ್ಲಿನದು, ಇಲ್ಲವೇ ಲೈನಿಂಗ್ ತುದಿ ಮಾತ್ರ ತಾಗುತ್ತಿದೆ. ಲಿವರ್ ಕಲ್ಲಿನಂತಿದ್ದೂ ಚಕ್ರ ನಿಲ್ಲದಿದ್ದರೆ ಲೈನಿಂಗ್ ಗಾಜಿನಂತೆ ಹೊಳಪಾಗಿದೆ ಅಥವಾ ಎಣ್ಣೆ ಕುಡಿದಿದೆ. ಚಕ್ರ ಸುತ್ತಿದಂತೆ ಲಿವರ್ ಬೆರಳಿಗೆ ಬಡಿಯುತ್ತಿದ್ದರೆ ಡ್ರಮ್ ಗುಂಡಗಿಲ್ಲ.

ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವುದು ಮಾಮೂಲು. ಏರ್ ಹೊಡೆದು ಧೂಳು ಹಾರಿಸಬೇಡಿ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಗ್ರೀಸ್ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದರೆ ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಲೈನಿಂಗ್ ಬದಲಿಸಿ, ಜೊತೆಗೆ ಆ ಬದಿಯ ಬೇರಿಂಗ್ ಸೀಲನ್ನೂ ಬದಲಿಸಿ.

ಡ್ರಮ್ಮಿನ ಒಳವ್ಯಾಸವನ್ನು ಮೂರು ದಿಕ್ಕಿನಲ್ಲಿ, ಅಂಚಿನಲ್ಲೂ ಒಳಗೂ ಅಳೆಯಿರಿ. ವ್ಯತ್ಯಾಸ 0.1 ಮಿ.ಮೀ. ದಾಟಿದರೆ ಲೇತಿಗೆ ಹಾಕಿಸಬೇಕು. ಬರೀ ಹಬ್ (ಚಕ್ರದ ನಡುಭಾಗ) ಬಿಚ್ಚಿ ಲೇತಿಗೆ ಕೊಡಬೇಡಿ. ಕಡ್ಡಿ ಬಿಗಿದಾಗ ಅಲ್ಯೂಮಿನಿಯಂ ಹಬ್ ಸ್ವಲ್ಪ ಸೊಟ್ಟಗಾಗುತ್ತದೆ. ಬರೀ ಹಬ್ಬನ್ನು ಗುಂಡಗೆ ತಿರುಗಿಸಿ ತಂದು ಕಡ್ಡಿ ಕಟ್ಟಿದರೆ ಮತ್ತೆ ಅದೇ ಕಥೆ. ರಿಮ್ ಕಟ್ಟಿ, ಕಡ್ಡಿ ಬಿಗಿದು, ಔಟ್ (ಓಲಾಟ) ತೆಗೆದ ಚಕ್ರವನ್ನೇ ಅದರದೇ ಬೇರಿಂಗಿನ ಮೇಲೆ ಕೂರಿಸಿ ತೆಳ್ಳಗೆ ಕಟ್ ಹಾಕಿಸಿ. ಒಳಗಿನ ಬೀಡುಕಬ್ಬಿಣದ ಬಳೆ ಎಷ್ಟು ದಪ್ಪ ಉಳಿದಿದೆ ಎಂದು ಮೊದಲೇ ನೋಡಿ. ಕೊನೆಗೆ 80ರ ಎಮರಿ ಪೇಪರಿನಲ್ಲಿ ಅಡ್ಡಡ್ಡ ಉಜ್ಜಿ. ಕನ್ನಡಿ ಹೊಳಪು ಬೇಡ.

ಇನ್ನು ಮುಖ್ಯ ಕೆಲಸ. ಲೈನಿಂಗ್ ಅಂಟಿಸುವವರಿಗೆ ಮೆತ್ತನೆಯ, ತಣ್ಣಗಿದ್ದಾಗಲೇ ಹಿಡಿಯುವ ಮಾಲು ಬೇಕೆಂದು ಹೇಳಿ. ಮಾಮೂಲಿಗಿಂತ 1 ಮಿ.ಮೀ. ದಪ್ಪ ಇರಲಿ. ರಿವೆಟ್‌ಗಿಂತ ಬಿಸಿಯಲ್ಲಿ ಅಂಟಿಸಿದ್ದು ಮೇಲು, ರಿವೆಟ್ ತೂತಿನ ಜಾಗವೆಲ್ಲ ಹಿಡಿತಕ್ಕೆ ನಷ್ಟ. ಅಂಗಡಿಯ ಗಮ್ ತಂದು ಮನೆಯಲ್ಲಿ ಅಂಟಿಸುವ ಸಾಹಸ ಖಂಡಿತ ಬೇಡ: ಲೈನಿಂಗ್ ಕಿತ್ತುಬಂದರೆ ಚಕ್ರ ಜಾಮ್ ಆಗುತ್ತದೆ.

ಅಂಟಿಸಿ ತಂದ ಶೂವನ್ನು ಹಾಗೇ ಹಾಕಿದರೆ ಅಂಗೈಯಗಲ ಜಾಗವೂ ತಾಗುವುದಿಲ್ಲ. ಎರಡೂ ಶೂಗಳನ್ನು ಅವುಗಳ ಪ್ಲೇಟಿನ ಮೇಲೆ ಸ್ಪ್ರಿಂಗ್ ಸಮೇತ ಕೂರಿಸಿ. ಕ್ಯಾಮ್ ಮತ್ತು ಶೂ ತುದಿಯ ನಡುವೆ ಎರಡೂ ಕಡೆ 0.6 ಮಿ.ಮೀ. ತಗಡು ಇಡಿ. ಶೂ ಅಲುಗದಂತೆ ತಂತಿ ಬಿಗಿದು, ಪ್ಲೇಟನ್ನು ಆಕ್ಸಲ್ ಅಳತೆಯ ಮ್ಯಾಂಡ್ರಲ್ (ಹಿಡಿದುಕೊಳ್ಳುವ ದಂಡ) ಮೇಲೆ ಲೇತಿಗೆ ಹಾಕಿಸಿ. ಹೊರಮೈ ಅಳತೆ ಡ್ರಮ್ಮಿನ ಒಳ ಅಳತೆಗಿಂತ 0.2 ಮಿ.ಮೀ. ಕಡಿಮೆ ಬರುವವರೆಗೆ ತೆಳ್ಳಗೆ ತಿರುಗಿಸಬೇಕು. ತಗಡು ತೆಗೆದಾಗ ಕ್ಯಾಮಿನ ಕಡೆ ಶೂ ಒಳಕ್ಕೆ ಸರಿಯುತ್ತದೆ, ಚಕ್ರಕ್ಕೆ ಜಾಗ ಸಿಗುತ್ತದೆ. ಪಿನ್ನಿನ (ಶೂ ತಿರುಗುವ ಕೀಲಿನ) ಕಡೆಯ ತುದಿ ಸರಿಯುವುದಿಲ್ಲವಲ್ಲ, ಆ 0.2 ಅದಕ್ಕಾಗಿ. ಬ್ರೇಕ್ ಹಿಡಿದಾಗ ಶೂ ತಗಡಿದ್ದಷ್ಟೇ ತೆರೆದು ಡ್ರಮ್ಮಿನ ವೃತ್ತಕ್ಕೆ ಸರಿಯಾಗಿ ಕೂರುತ್ತದೆ. ಇಡೀ ಕೆಲಸದಲ್ಲಿ ಇದೊಂದನ್ನೇ ಮಾಡಿಸಿದರೂ ಅರ್ಧಕ್ಕಿಂತ ಹೆಚ್ಚು ಲಾಭ ಇಲ್ಲೇ ಬರುತ್ತದೆ. ಟರ್ನರ್ ಮಾಸ್ಕ್ ಹಾಕಿಕೊಳ್ಳಲಿ.

ಆಮೇಲೆ ಎರಡೂ ಲೈನಿಂಗಿನ ಎರಡೂ ತುದಿಯನ್ನು 10 ಮಿ.ಮೀ. ಉದ್ದಕ್ಕೆ ಫೈಲ್ ಹೊಡೆದು ಇಳಿಜಾರು ಮಾಡಿ. ಲೀಡಿಂಗ್ ಶೂವಿನ ತುದಿ ಮೊದಲು ತಾಗಿದರೆ ಬ್ರೇಕ್ ಗಬಕ್ಕನೆ ಹಿಡಿಯುತ್ತದೆ, ಒದ್ದೆ ಬಂಡೆಯ ಮೇಲೆ ಮುಂದಿನ ಚಕ್ರ ಹಾಗೆ ಹಿಡಿದರೆ ಬಿದ್ದ ಹಾಗೆಯೇ. ಲೈನಿಂಗ್ ಮೇಲೆ ಹ್ಯಾಕ್ಸಾದಲ್ಲಿ ಓರೆಯಾಗಿ ಎರಡು ಗೀರು ಹಾಕಿ, ನೀರೂ ಧೂಳೂ ಅದರಲ್ಲಿ ಹೊರಬೀಳುತ್ತವೆ. ಗೀರು ಶೂವಿನ ಲೋಹ ಮುಟ್ಟಬಾರದು.

ತಾಗುವಿಕೆ ನೋಡಲು ಡ್ರಮ್ಮಿನೊಳಗೆ ಸೀಮೆಸುಣ್ಣ ಬಳಿಯಿರಿ, ಚಕ್ರ ಹಾಕಿ ಸುತ್ತಿಸಿ ಮೆಲ್ಲಗೆ ಬ್ರೇಕ್ ಒತ್ತಿ, ಬಿಚ್ಚಿ ನೋಡಿ. ಬಿಳಿ ಗುರುತು ನಡುವಿನಿಂದ ಎರಡೂ ಕಡೆಗೆ ಹರಡಿರಬೇಕು. ಒಂದು ಅಂಚಿನಲ್ಲಷ್ಟೇ ಉದ್ದಕ್ಕೆ ಬಂದಿದ್ದರೆ ಪಿನ್ ಬಗ್ಗಿದೆ ಅಥವಾ ಕ್ಯಾಮ್ ಬುಷ್ ಸವೆದಿದೆ. ಕ್ಯಾಮ್ ಕೈಯಲ್ಲಿ ಅಲುಗುವಷ್ಟು ಸಡಿಲವಿದ್ದರೆ ಗನ್‌ಮೆಟಲ್ ಬುಷ್ ಹಾಕಿಸಿ. ಗ್ರೀಸ್ ಬೇಕಾದದ್ದು ಕ್ಯಾಮಿನ ದಂಡಿಗೂ ಪಿನ್ನಿಗೂ ಬೆರಳಿಗಂಟುವಷ್ಟು ಮಾತ್ರ.

ಈಗ ಎಳೆತ. ಬ್ರೇಕ್ ಪೂರ್ತಿ ಹಿಡಿದಾಗ ಕ್ಯಾಮನ್ನು ತಿರುಗಿಸುವ ಆರ್ಮಿಗೂ ಕೇಬಲ್ಲಿಗೂ ನಡುವೆ 90 ಡಿಗ್ರಿ ಬರಬೇಕು. ಆರ್ಮ್ ಅದನ್ನು ದಾಟಿ ಹೋಗುತ್ತಿದ್ದರೆ ಬಲ ಇಳಿಯುತ್ತದೆ. ಆರ್ಮ್ ಬಿಚ್ಚಿ ಒಂದು ಹಲ್ಲು ಹಿಂದಕ್ಕೆ ಕೂರಿಸಿ. ಲೇತಿಗೆ ಹಾಕಿ ಡ್ರಮ್ ದೊಡ್ಡದಾಗಿ ಕ್ಯಾಮೇ ಹೆಚ್ಚು ತಿರುಗುತ್ತಿದ್ದರೆ ಶೂ ತುದಿಗೆ ಸ್ಟೀಲ್ ಟೋಪಿ ಹಾಕಬಹುದು. 60 ಮಿ.ಮೀ. ಆರ್ಮನ್ನು 70 ಮಾಡಿದರೆ ಬಲ ಸುಮಾರು ಶೇ. 17 ಏರುತ್ತದೆ, ಲಿವರ್ ಅಷ್ಟೇ ಹೆಚ್ಚು ಒಳಗೆ ಬರುತ್ತದೆ. ಕೇಬಲ್ ಸೋರಿಕೆ ನಿಲ್ಲಿಸದೆ ಆರ್ಮ್ ಉದ್ದ ಮಾಡಿದವರ ಲಿವರ್ ಹ್ಯಾಂಡಲ್ ಗ್ರಿಪ್ಪಿಗೆ ತಾಗಿ ನಿಲ್ಲುತ್ತದೆ. ಒಬ್ಬರು ಬ್ರೇಕ್ ಒತ್ತಲಿ, ನೀವು ಕೇಬಲ್ಲಿನ ಹೊರಕವಚ ನೋಡಿ: ಅದು ನುಲಿದು ನೆಟ್ಟಗಾಗುತ್ತಿದ್ದರೆ ಎಳೆತ ಅಲ್ಲೇ ಖಾಲಿ. ದಪ್ಪ ಕವಚದ ಕೇಬಲ್ಲನ್ನು ಆದಷ್ಟು ಕಡಿಮೆ ತಿರುವಿನಲ್ಲಿ ಎಳೆದು, ಎರಡೂ ತುದಿಗೆ ಲೋಹದ ಟೋಪಿ ಹಾಕಿ.

ಚಕ್ರ ಹಾಕುವಾಗ ಆಕ್ಸಲ್ ನಟ್ ಸಡಿಲವಿಟ್ಟು, ಚಕ್ರ ಸುತ್ತಿಸಿ, ಬ್ರೇಕ್ ಜೋರಾಗಿ ಹಿಡಿದುಕೊಂಡೇ ನಟ್ ಬಿಗಿಯಿರಿ. ಪ್ಲೇಟ್ ಡ್ರಮ್ಮಿನ ನಡುವಿಗೆ ತಾನಾಗಿ ಬರುತ್ತದೆ. ಪ್ಲೇಟನ್ನು ತಡೆಯುವ ಫೋರ್ಕಿನ ಕಚ್ಚಿನಲ್ಲಿ ಸಡಿಲವಿದ್ದರೆ ಟಕ್ ಟಕ್ ಸದ್ದು ಬರುತ್ತದೆ, ತೆಳು ತಗಡಿನಲ್ಲಿ ತುಂಬಿಸಿ. ಹಿಂದಿನ ಬ್ರೇಕಿಗೂ ಇದೇ ಕ್ರಮ. ಅಲ್ಲಿ ಆರ್ಮ್ ಉದ್ದ ಮಾಡುವ ಅಗತ್ಯವಿಲ್ಲ, ಹಿಂದಿನ ಚಕ್ರ ಸುಲಭವಾಗಿ ಜಾಮ್ ಆಗಿ ಎಂಜಿನ್ ನಿಲ್ಲಿಸುತ್ತದೆ. ಮೈಸೂರಿನ ಜಾವಾ, ಯೆಜ್ಡಿಗಳಿಗೂ ಹಳೆಯ ಬುಲೆಟ್‌ಗೂ ಇದೇ ವಿದ್ಯೆ ನಡೆಯುತ್ತದೆ, ಆದರೆ ಘಾಟಿ ಇಳಿಯುವ ಗಾಡಿಗೆ ಮೆತ್ತನೆಯ ಲೈನಿಂಗ್ ಹಾಕಬೇಡಿ. ಅಲ್ಲಿ ಬಿಸಿಯದೇ ಕಾಟ.

ನೀರಿಗೆ: ಪ್ಲೇಟಿನ ಅತಿ ಕೆಳಗಿನ ಜಾಗದಲ್ಲಿ 4 ಮಿ.ಮೀ. ತೂತು ಕೊರೆಯಿರಿ. ಅದರಿಂದ ನೀರು ಒಳಗೂ ಬರುತ್ತದೆ ಎಂದು ವಾದಿಸುವವರಿದ್ದಾರೆ. ನೀರು ಹೇಗೂ ಬರುತ್ತದೆ, ಹೋಗಲು ದಾರಿ ಇರುವುದು ಮುಖ್ಯ. ಹಳ್ಳ ದಾಟಿದ ಮೇಲೆ ಲಿವರನ್ನು ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ. ಹೊಸ ಲೈನಿಂಗನ್ನೂ ಹೀಗೇ ಹದವಾದ ಒತ್ತಡದಲ್ಲಿ, ನಡುನಡುವೆ ಬಿಟ್ಟು ಕೂರಿಸಿಕೊಳ್ಳಿ. ಹೊಗೆ ಬರುವವರೆಗೆ ಎಳೆದರೆ ಲೈನಿಂಗ್ ಮೈ ಗಾಜಾಗುತ್ತದೆ, ಮತ್ತೆ ಬಿಚ್ಚಿ ಎಮರಿ ಉಜ್ಜಬೇಕು.