ಬತ್ತುವ ಕೆರೆಯಲ್ಲಿ ಪಕ್ಕೆ ಮೀನು ಉಳಿಸಿದ್ದು: ನನ್ನ ಅನುಭವ

ನಮ್ಮ ಕೆರೆಯಲ್ಲಿ ಈಗ ಪಕ್ಕೆ ಅನ್ನುವ ಸಣ್ಣ ನಾಡು ಮೀನು ಇದೆ. ಜೊತೆಗೆ ಕೊರವ, ಚೇಳು ಮೀನು, ಹೆಸರು ಗೊತ್ತಿಲ್ಲದ ಒಂದಿಷ್ಟು ಸಣ್ಣ ಮೀನು. ಎಲ್ಲವೂ 2024ರ ಬೇಸಿಗೆ ದಾಟಿದವು. ಬೆಂಗಳೂರಿಗೇ ಏಪ್ರಿಲ್‌ನಲ್ಲಿ ಮಳೆ ಬೀಳದ ವರ್ಷ ಅದು. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ನೀರು ನಮ್ಮ ಕೆರೆಗೆ ಬರುವುದಿಲ್ಲ. ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. "ಇದೆಲ್ಲ ಆಗೋ ಮಾತಲ್ಲ" ಅಂದವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಎಲ್ಲರಿಗೂ ಒಂದೊಂದಾಗಿ ಹೇಳುವ ಬದಲು ಬರೆದೇ ಬಿಡೋಣ ಅಂತ ಕೂತಿದ್ದೇನೆ. ಬಲೆ, ಸುಣ್ಣ, ಮರಿ ಬಿಡುವುದು ಇವೆಲ್ಲ ಮೀನು ಸಾಕುವವರಿಗೆ ಗೊತ್ತಿರುವುದೇ. ಅದಕ್ಕೆ ಕೈ ಹಾಕುವುದಿಲ್ಲ.

ಕೋಲಾರದ ಕಡೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಇರುವುದು ಕೆರೆಗಳ ಸರಣಿ. ಮೇಲಿನ ಕೆರೆ ಕೋಡಿ ಹೋದರೆ ಕೆಳಗಿನ ಕೆರೆಗೆ ನೀರೂ ಬರುತ್ತದೆ, ಮೀನೂ ಬರುತ್ತದೆ. ಕೋಡಿ ನಿಂತಿತು ಅಂದರೆ ಪ್ರತಿ ಕೆರೆಯೂ ಒಂಟಿ. ಅಲ್ಲಿ ಒಂದು ಜಾತಿ ಹೋದರೆ ಮತ್ತೆ ಬರಲು ದಾರಿಯೇ ಇಲ್ಲ. ಕೊರವ, ಚೇಳು ಮೀನು ಗಾಳಿ ಕುಡಿಯುವ ಜಾತಿ. ಕೆಸರಿನಲ್ಲೂ ಸ್ವಲ್ಪ ದಿನ ತಳ್ಳುತ್ತವೆ. ಪಕ್ಕೆಗೆ ಅದು ಆಗದು. ಅದರ ಆಯಸ್ಸೂ ಎರಡೋ ಮೂರೋ ವರ್ಷ. ಸತತ ಎರಡು ಮಳೆಗಾಲ ಮೊಟ್ಟೆ ಇಡುವುದು ತಪ್ಪಿದರೆ ಆ ಕೆರೆಯಲ್ಲಿ ಅದರ ವಂಶ ಹೆಚ್ಚುಕಡಿಮೆ ಮುಗಿದ ಹಾಗೆ. ಹಾಗಾಗಿ ನಾನು ಸರಾಸರಿ ಮಳೆಯ ಲೆಕ್ಕ ಬಿಟ್ಟೆ. ಅತಿ ಕೆಟ್ಟ ವರ್ಷದ ಮೇ ತಿಂಗಳಲ್ಲಿ ಎಷ್ಟು ನೀರು ಉಳಿದಿರುತ್ತದೆ, ಅಷ್ಟೇ ನೋಡಿದೆ.

ಮೊದಲು ಜೆಸಿಬಿಯಿಂದ ಕೆರೆಯಂಗಳದಲ್ಲಿ ಆರಡಿ ಗುಂಡಿ ತೆಗೆಸಿದೆ. ಅಗಲ ಜಾಸ್ತಿ, ನೋಡಲು ಚೆನ್ನಾಗಿತ್ತು. ಆಗ ಗಂಟೆಗೆ ಸಾವಿರ ರೂಪಾಯಿ ಆಸುಪಾಸು. ಇಪ್ಪತ್ತೈದು ಸಾವಿರ ಹೋಯಿತು. ಯುಗಾದಿ ಕಳೆಯುತ್ತಿದ್ದ ಹಾಗೆ ಗುಂಡಿ ಒಣಗಿತು, ಕೊಕ್ಕರೆಗಳಿಗೆ ಹಬ್ಬ. "ಗೌಡ್ರೇ, ಪಕ್ಕೆ ಮೀನಿಗೆ ಜೆಸಿಬಿ ತರಿಸ್ತೀರಲ್ಲ, ಕಾಸು ಜಾಸ್ತಿ ಆಗಿದ್ಯಾ?" ಅಂತ ಅರಳಿಕಟ್ಟೆಯಲ್ಲಿ ನಗಾಡಿದರು.

ಆಮೇಲೆ ಕೃಷಿ ಹೊಂಡ. ತೋಟದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಇತ್ತು. ಪಕ್ಕೆಯನ್ನು ಅಲ್ಲಿಗೆ ಸಾಗಿಸಿ, ಮಳೆ ಬಂದಾಗ ಕೆರೆಗೆ ಬಿಡುವ ಯೋಚನೆ. ಮೀನೇನೋ ಬದುಕಿತು. ಆದರೆ ಮರಿ ಮಾಡಲಿಲ್ಲ. ಕೆಸರಿಲ್ಲ, ಜೊಂಡಿಲ್ಲ, ಮೊಟ್ಟೆ ಅಂಟಿಸಲು ಒಂದು ಎಲೆ ಇಲ್ಲ, ಮೇಲಿಂದ ಬಿಸಿಲು. ತೆಂಗಿನ ಗರಿ ಹೊದಿಸಿ ನೋಡಿದೆ. ಗರಿ ಕೊಳೆತು ನೀರು ಕಾಫಿ ಬಣ್ಣಕ್ಕೆ ತಿರುಗಿತು. ಗೋಣಿಚೀಲ ಇಳಿಬಿಟ್ಟಾಗ ಒಂದೆರಡು ಕಡೆ ಮೊಟ್ಟೆ ಕಂಡಿತು. ಅದನ್ನೂ ಗಪ್ಪಿ ತಿಂದು ಹಾಕಿತು. ಸೊಳ್ಳೆಗೆ ಅಂತ ಯಾರೋ ತಂದು ಬಿಟ್ಟಿದ್ದ ಗಪ್ಪಿ.

ಅಷ್ಟರಲ್ಲಿ ಒಂದು ವಿಷಯ ಹೊಳೆದಿತ್ತು. ಬಿಸಿಲು ನೀರನ್ನು ಅಡಿಲೆಕ್ಕದಲ್ಲಿ ಕುಡಿಯುತ್ತದೆ, ಎಕರೆ ಲೆಕ್ಕದಲ್ಲಿ ಅಲ್ಲ. ನಮ್ಮ ಕಡೆ ಬಿರುಬೇಸಿಗೆಯಲ್ಲಿ ದಿನಕ್ಕೆ ಆರೇಳು ಮಿಲಿಮೀಟರ್ ಆವಿಯಾಗುತ್ತದೆ. ಫೆಬ್ರವರಿಯಿಂದ ಮೇ ತನಕ ಮೂರಡಿ ಹತ್ತಿರ. ಅದರ ಮೇಲೆ ಇಂಗುವುದು ಬೇರೆ. ನೂರು ಎಕರೆ ಕೆರೆಯಾದರೂ ನಾಲ್ಕಡಿ ನೀರಿದ್ದರೆ ಒಣಗುತ್ತದೆ. ಮನೆಯಷ್ಟು ಅಗಲದ ಗುಂಡಿಯಾದರೂ ಹದಿನಾಲ್ಕು ಅಡಿ ಇದ್ದರೆ ಉಳಿಯುತ್ತದೆ. ದೊಡ್ಡ ಕೆರೆಯಲ್ಲಿ ಮೀನು ಸುರಕ್ಷಿತ ಅನ್ನುವವರು ಇದನ್ನೊಮ್ಮೆ ಲೆಕ್ಕ ಹಾಕಲಿ.

ಪಂಚಾಯಿತಿ ಒಪ್ಪಿಗೆ ಪಡೆದು ಈ ಸಲ ಹಿಟಾಚಿ ತರಿಸಿದೆ. ಏರಿಯಿಂದ ದೂರ, ತೂಬಿನ ಮಟ್ಟಕ್ಕಿಂತ ಕೆಳಗೆ, ಸುಮಾರು ಐವತ್ತಡಿ ಉದ್ದ, ನಲವತ್ತಡಿ ಅಗಲ, ಹದಿನಾಲ್ಕು ಅಡಿ ಆಳ. ಒಂದು ಬದಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆ. ಅಲ್ಲಿ ಜೊಂಡು ಬೆಳೆಯಬೇಕು, ಮೀನಿಗೆ ತೆಳು ನೀರೂ ಬೇಕು. ಮೇಲಿನ ಗೋಡುಮಣ್ಣನ್ನು ರೈತರು ಅವರದೇ ಟ್ರ್ಯಾಕ್ಟರ್‌ನಲ್ಲಿ ಹೊತ್ತುಕೊಂಡು ಹೋದರು. ಕೆಳಗೆ ಗರಸು ಸಿಕ್ಕಿತು, ಅದು ಯಾರಿಗೂ ಬೇಡ. ಗರಸಿನಲ್ಲಿ ನೀರು ನಿಲ್ಲುವುದಿಲ್ಲ ಅಂತ ಜೇಡಿಮಣ್ಣು ತುಂಬಿಸಿ ತುಳಿಸಬೇಕಾಯಿತು. ಎಲ್ಲ ಸೇರಿ ಎಂಬತ್ತು ಸಾವಿರ ದಾಟಿತು. ಮನೆಯಲ್ಲಿ ಹೇಳಿದ್ದು ನಲವತ್ತು.

ನೀರು ಉಳಿಯಿತು, ಆದರೂ ಮೀನು ಸತ್ತಿತು. ಮೇ ತಿಂಗಳ ಮೊದಲ ಗುಡುಗು ಮಳೆ ಬಿದ್ದ ಮಾರನೇ ದಿನ ಪಕ್ಕೆಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಆಳದ ನೀರಿಗೆ ಇದೇ ರೋಗ. ತಳದಲ್ಲಿ ಕಪ್ಪು ರಾಡಿ ಕೂರುತ್ತದೆ, ಅಲ್ಲಿ ಆಮ್ಲಜನಕ ಇರುವುದಿಲ್ಲ. ತಣ್ಣನೆ ಮಳೆನೀರು ಮೇಲಿಂದ ಇಳಿದಾಗ ಅಡಿಯದ್ದು ಮೇಲೆ ಬರುತ್ತದೆ, ಕೊಳೆತ ಮೊಟ್ಟೆ ವಾಸನೆ. ಕೊರವ ಮೂತಿ ಎತ್ತಿ ಗಾಳಿ ಕುಡಿದು ಪಾರಾಯಿತು. ಮೀನುಗಾರಿಕೆ ಇಲಾಖೆಯ ಪರಿಚಯದವರೊಬ್ಬರು "ಬಿಟ್ಟುಬಿಡಿ, ಕಾಟ್ಲಾ ರೋಹು ಹಾಕಿ, ನಾಲ್ಕು ಕಾಸು ನೋಡಿ" ಅಂದರು.

ನಾನು ಬಿಡಲಿಲ್ಲ. ತೋಟಕ್ಕೆ ಮೇಲಿನ ನೀರು ಎತ್ತುವ ಬದಲು ಪೈಪನ್ನು ಗುಂಡಿಯ ತಳಕ್ಕೆ ಇಳಿಸಿದೆ. ರಾಡಿ ನೀರು ತೆಂಗಿಗೆ ಗೊಬ್ಬರ, ಗುಂಡಿ ಚೊಕ್ಕಟ. ಜನವರಿಯಿಂದ ಮಾರ್ಚ್ ತನಕ ಆಗಾಗ ಸ್ವಲ್ಪ ಸ್ವಲ್ಪ, ಒಟ್ಟು ಒಂದಡಿಗಿಂತ ಜಾಸ್ತಿ ಎತ್ತುವಂತಿಲ್ಲ. ಇದರ ಜೊತೆ ಏಪ್ರಿಲ್ ಕೊನೆಗೆ ಇನ್ನೊಂದು ಕೆಲಸ ಮಾಡುತ್ತೇನೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಂದು ಕೇಳಿದರೆ ತೋರಿಸುತ್ತೇನೆ, ಆದರೆ ಒಂದು ಮಧ್ಯಾಹ್ನ ಹಾರೆ ಹಿಡಿಯಬೇಕು.

ನಡುವೆ ಸುಮ್ನೆ ಒಂದು ಪ್ರಯೋಗ. ನೀಲಿ ಡ್ರಮ್ಮಿಗೆ ಕೆರೆ ಕೆಸರು ತುಂಬಿ ಕೊರವ ಬಿಟ್ಟೆ, ನೀರು ಹಾಕುವುದು ನಿಲ್ಲಿಸಿದೆ. ಕೆಸರು ಹಸಿ ಇರುವ ತನಕ ಬದುಕಿದ್ದವು. ಬಿರುಕು ಬಿಡಲು ಶುರುವಾದ ಮೇಲೆ ಒಂದೊಂದೇ ಹೋದವು. ಉಳಿದವನ್ನು ಗುಂಡಿಗೆ ಬಿಟ್ಟೆ. ಕೊರವಕ್ಕೆ ಸಾವೇ ಇಲ್ಲ ಅಂತ ನಮ್ಮೂರಲ್ಲಿ ಹೇಳುತ್ತಾರೆ. ಅಷ್ಟೊಂದು ನಂಬಬೇಡಿ.

2021ರ ನವೆಂಬರ್ ಮಳೆಗೆ ನಮ್ಮ ಕೆರೆ ಕೋಡಿ ಹೋಯಿತು. ಎಷ್ಟೋ ವರ್ಷದ ಮೇಲೆ. ಊರವರು ಬಾಗಿನ ಬಿಟ್ಟರು, ನಾನು ಬೈದುಕೊಂಡೆ. ಮೇಲಿನ ಕೆರೆಯಿಂದ ಜಿಲೇಬಿ ಮೀನು (ತಿಲಾಪಿಯಾ) ಬಂತು, ಅದರ ಹಿಂದೆಯೇ ಆಫ್ರಿಕನ್ ಕ್ಯಾಟ್‌ಫಿಶ್. ಸಾಕುವುದಕ್ಕೆ ನಿಷೇಧ ಇದೆ, ಆದರೂ ಕದ್ದು ಸಾಕುತ್ತಾರೆ. ಒಂಟಿ ಕೆರೆಯಲ್ಲಿ ಇಂಥದ್ದು ಸೇರಿಕೊಂಡರೆ ಸಣ್ಣ ಮೀನಿಗೆ ಓಡಿಹೋಗಲು ಜಾಗ ಎಲ್ಲಿದೆ? ಫಿಲಿಪೀನ್ಸ್‌ನ ಲನಾವೊ ಸರೋವರದಲ್ಲಿ ಹೊರಗಿನ ಮೀನು, ಮಿತಿಮೀರಿದ ಬೇಟೆ ಸೇರಿ ಅಲ್ಲಿ ಮಾತ್ರ ಇದ್ದ ಹದಿನೈದು ಜಾತಿ ಅಳಿದವು ಅಂತ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2020ರಲ್ಲಿ ಸಾರಿತು. ಅದು ನಮ್ಮ ಕೆರೆಗಿಂತ ಎಷ್ಟೋ ಪಾಲು ದೊಡ್ಡದು. ನಾನು ಎರಡು ಬೇಸಿಗೆ ಗುಂಡಿಗೆ ಬಲೆ ಎಳೆಸಿ ಕ್ಯಾಟ್‌ಫಿಶ್ ಹೆಕ್ಕಿಸಿದೆ. ನೀರು ಗುಂಡಿಗೆ ಇಳಿದಾಗಲೇ ಹಿಡಿಯಬೇಕು, ಕೆರೆ ತುಂಬಿದ ಮೇಲೆ ಏನೂ ನಡೆಯದು. ಒಂದು ಐದಾರು ಕೆಜಿ ತೂಗಿತು. ಹೊಟ್ಟೆ ಸೀಳಿದರೆ ಒಳಗೆಲ್ಲ ಪಕ್ಕೆ. ಜಿಲೇಬಿಯನ್ನು ಪೂರ್ತಿ ತೆಗೆಯಲು ಆಗಿಲ್ಲ.

ಜನರ ಕಾಟ ಇನ್ನೊಂದು. ಕೆರೆ ಬತ್ತುವಾಗ ಊರೆಲ್ಲ ಇಳಿದು ಮೀನು ಹಿಡಿಯುವುದು ಹಳೇ ಸಂಪ್ರದಾಯ. ಬೇಡ ಅಂದರೆ ಕೇಳುತ್ತಾರಾ? ಗುಂಡಿಗೆ ಮಾತ್ರ ಇಳಿಯಬೇಡಿ ಅಂತ ಊರ ಜಾತ್ರೆಗೆ ವರ್ಷಕ್ಕೆ ಹತ್ತು ಹದಿನೈದು ಸಾವಿರ ಕೊಟ್ಟೆ. ಗುಂಡಿಯೊಳಗೆ ಮುಳ್ಳು ಸಮೇತ ಜಾಲಿ ಕೊಂಬೆ ಇಳಿಸಿದೆ. ದುಡ್ಡಿಗಿಂತ ಮುಳ್ಳೇ ಚೆನ್ನಾಗಿ ಕೆಲಸ ಮಾಡಿತು. ಬಲೆ ಹರಿದುಕೊಂಡವರು ಮತ್ತೆ ಬರಲಿಲ್ಲ, ನೀರುಕಾಗೆಗಳಿಗೂ ಮುಳುಗಲು ಕಷ್ಟ. ನಮ್ಮ ಬಲೆ ಎಳೆಯುವ ದಿನ ಮಾತ್ರ ಕೊಂಬೆ ಎತ್ತಿಸಬೇಕು, ಆಳಿನ ಕೂಲಿ ಬೇರೆ.

2024ರ ಮೇ ತಿಂಗಳಲ್ಲಿ ಗುಂಡಿಯಲ್ಲಿ ಐದಡಿ ಚಿಲ್ಲರೆ ನೀರಿತ್ತು. ಮಳೆ ಹಿಡಿದ ಮೇಲೆ ಪಕ್ಕೆ ಮೊಟ್ಟೆ ಇಡಲು ಪೋಷಕ ಕಾಲುವೆಗೆ ಹತ್ತಿದವು. ಹತ್ತಿದ ಮೀನಿಗೆ ಕೂಳಿ (ಮೀನು ಹಿಡಿಯುವ ಬುಟ್ಟಿ) ಹಾಕಬಾರದು ಅಂತ ಹುಡುಗರಿಗೆ ಮೊದಲೇ ಹೇಳಿದ್ದೆ, ಅರ್ಧದಷ್ಟು ಜನ ಕೇಳಿದರು. ಆಗಸ್ಟ್‌ಗೆ ಮರಿಗಳ ಹಿಂಡು ಬರಿಗಣ್ಣಿಗೆ ಕಾಣುವಷ್ಟಿತ್ತು. ನಗಾಡಿದವರನ್ನೇ ಕರೆದು ತೋರಿಸಿದೆ.

ಒಂದೇ ಗುಂಡಿಯ ಮೀನು ಎಷ್ಟು ತಲೆಮಾರು ತಮ್ಮತಮ್ಮಲ್ಲೇ ಕೂಡಿಕೊಂಡು ಇರುತ್ತವೆ? ಅದಕ್ಕೇ ಸರಣಿಯ ಮೇಲಿನ ಕೆರೆಯಲ್ಲೂ ಇಂಥದ್ದೇ ಒಂದು ಗುಂಡಿ ತೆಗೆಸುತ್ತಿದ್ದೇವೆ. ವರ್ಷಕ್ಕೊಮ್ಮೆ ಒಂದು ಕೊಡ ಪಕ್ಕೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಕೊಡಕ್ಕೆ ಕ್ಯಾಟ್‌ಫಿಶ್ ಮರಿ ಸೇರದಂತೆ ಒಂದೊಂದನ್ನೂ ನಾನೇ ನೋಡುತ್ತೇನೆ. ಮೀನು ಹರಾಜಿನ ಷರತ್ತಿನಲ್ಲಿ ಗುಂಡಿಗೆ ಬಲೆ ಇಳಿಸಬಾರದು ಅಂತ ಪಂಚಾಯಿತಿ ಬರೆಸಿದೆ. ಅದಕ್ಕೆ ಹರಾಜಿನ ಮೊತ್ತ ಸ್ವಲ್ಪ ಇಳಿಯಿತು. ಆ ವ್ಯತ್ಯಾಸವನ್ನು ಈ ವರ್ಷ ನಾನೇ ತುಂಬಿಕೊಟ್ಟಿದ್ದೇನೆ. ಮುಂದಿನ ವರ್ಷ ಯಾರು ತುಂಬಬೇಕು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ.