ಸರದಿ ಬಂದಾಗಲಷ್ಟೇ ಮಾತು: ಟೋಕನ್ ರಿಂಗ್ ಕೆಲಸ ಮಾಡುವ ಬಗೆ

ಹತ್ತಾರು ಕಂಪ್ಯೂಟರ್‌ಗಳು ಒಂದೇ ತಂತಿಯನ್ನು ಹಂಚಿಕೊಂಡಾಗ ಯಾರು ಯಾವಾಗ ಮಾತನಾಡಬೇಕು? ಕಂಪ್ಯೂಟರ್‌ಗಳನ್ನು ಜೋಡಿಸುವ ಹಳೆಯ ಈಥರ್ನೆಟ್ ವ್ಯವಸ್ಥೆಯಲ್ಲಿ ತಂತಿ ಖಾಲಿಯೆಂದು ಕಂಡರೆ ಕಳುಹಿಸುವುದು, ಡಿಕ್ಕಿಯಾದರೆ ಸ್ವಲ್ಪ ತಡೆದು ಮತ್ತೆ ಕಳುಹಿಸುವುದು ವಾಡಿಕೆಯಾಗಿತ್ತು. ಐಬಿಎಂ 1985ರಲ್ಲಿ ಮಾರುಕಟ್ಟೆಗೆ ತಂದ ಟೋಕನ್ ರಿಂಗ್ ಎಂಬ ಜಾಲವ್ಯವಸ್ಥೆ ಈ ಪ್ರಶ್ನೆಯನ್ನು ಸರದಿಯಿಂದ ಬಗೆಹರಿಸಿತು. ಏಕಮಾರ್ಗದ ರೈಲು ಹಳಿಯಲ್ಲಿ ಲೋಹದ ಚೆಂಡಿನಂಥ ಟೋಕನ್ ಕೈಗೆ ಬಾರದೆ ಚಾಲಕರು ಗಾಡಿ ಬಿಡುತ್ತಿರಲಿಲ್ಲ. ಇಲ್ಲಿಯದೂ ಅದೇ ಶಿಸ್ತು. ಆದರೆ ಇಲ್ಲಿಯ ಟೋಕನ್ ಯಾರಿಗೂ ಬೇಡವಾದಾಗಲೂ ಸುತ್ತುತ್ತಲೇ ಇರುತ್ತದೆ.

ಮೊದಲ ಹಂತ, ಉಂಗುರಕ್ಕೆ ಸೇರುವುದು. ಹೆಸರಿಗೆ ಉಂಗುರವಾದರೂ ಕಣ್ಣಿಗೆ ಕಾಣುವುದು ನಡುವಿನ ಒಂದು ಪೆಟ್ಟಿಗೆ ಮತ್ತು ಅಲ್ಲಿಂದ ಪ್ರತಿ ಯಂತ್ರಕ್ಕೂ ಹೋದ ಕೇಬಲ್. ಉಂಗುರವಿರುವುದು ಪೆಟ್ಟಿಗೆಯ ಒಳಗಿನ ಜೋಡಣೆಯಲ್ಲಿ. ಐಬಿಎಂನ 8228 ಎಂಬ ಪೆಟ್ಟಿಗೆಗೆ ಎಂಟು ಯಂತ್ರಗಳನ್ನು ಜೋಡಿಸಬಹುದಿತ್ತು, ಅದಕ್ಕೆ ಬೇರೆ ವಿದ್ಯುತ್ ಸಂಪರ್ಕವೂ ಬೇಕಿರಲಿಲ್ಲ. ನೆಟ್‌ವರ್ಕ್ ಕಾರ್ಡ್ ಮೊದಲು ತನ್ನ ಕೇಬಲನ್ನು ತಾನೇ ಪರೀಕ್ಷಿಸಿಕೊಂಡು, ಬಳಿಕ ಅದೇ ಕೇಬಲ್‌ನಲ್ಲಿ ಸಣ್ಣ ವೋಲ್ಟೇಜ್ ಕಳುಹಿಸುತ್ತದೆ. ಪೆಟ್ಟಿಗೆಯೊಳಗಿನ ರಿಲೇ, ಅಂದರೆ ವಿದ್ಯುತ್ತಿನಿಂದ ತಿರುಗುವ ಗುಂಡಿ, ಟಕ್ಕೆಂದು ತಿರುಗಿ ಯಂತ್ರ ಉಂಗುರದೊಳಕ್ಕೆ ಬರುತ್ತದೆ. ಯಂತ್ರವನ್ನು ಆಫ್ ಮಾಡಿದರೆ ರಿಲೇ ಹಿಂದಕ್ಕೆ ಬಿದ್ದು ಉಂಗುರ ತಾನಾಗಿ ಕೂಡಿಕೊಳ್ಳುತ್ತದೆ.

ಎರಡನೆಯದು, ಟೋಕನ್ ಹಿಡಿಯುವುದು. ಟೋಕನ್ ಎಂದರೆ ಕೇವಲ ಮೂರು ಬೈಟ್, ಅಂದರೆ 24 ಬಿಟ್. ನಡುವಿನ ಬೈಟ್‌ನಲ್ಲಿರುವ ಒಂದು ಬಿಟ್ ಸೊನ್ನೆಯಾಗಿದ್ದರೆ ಅದು ಖಾಲಿ ಟೋಕನ್. ಕಳುಹಿಸಲು ಏನಾದರೂ ಇರುವ ಯಂತ್ರವು ಹಾದುಹೋಗುವ ಆ ಬಿಟ್ಟನ್ನು ಒಂದಾಗಿಸಿ, ಹಿಂದೆಯೇ ವಿಳಾಸಗಳನ್ನೂ ದತ್ತಾಂಶವನ್ನೂ ಸೇರಿಸಿ ಫ್ರೇಮ್ ಮಾಡುತ್ತದೆ. ಟೋಕನ್ ಇಟ್ಟುಕೊಳ್ಳಲು ಇರುವ ಅವಧಿ ಸುಮಾರು 10 ಮಿಲಿಸೆಕೆಂಡ್ ಮಾತ್ರ. ಎಲ್ಲರಿಗೂ ಸಮಾನ ಆದ್ಯತೆಯಿರುವ ನೂರು ಯಂತ್ರಗಳ ಉಂಗುರದಲ್ಲಿ, ಪ್ರತಿಯೊಂದೂ ತನ್ನ ಪಾಲನ್ನು ಪೂರ್ತಿ ಬಳಸಿಕೊಂಡರೂ, ಸುಮಾರು ಒಂದು ಸೆಕೆಂಡಿನಲ್ಲಿ ಸರದಿ ಬಂದೇ ಬರುತ್ತದೆ. ಇದರ ದೊಡ್ಡ ಬಂಡವಾಳವೇ ಈ ಖಾತರಿ. ಈಥರ್ನೆಟ್‌ಗೆ ಪ್ರತಿ ಯಂತ್ರಕ್ಕೂ ಬೇರೆ ದಾರಿ ಕೊಡುವ ಅಗ್ಗದ ಸ್ವಿಚ್ ಪೆಟ್ಟಿಗೆಗಳು ಬಂದು ಡಿಕ್ಕಿಯೇ ಇಲ್ಲವಾದ ಮೇಲೆ ಅದಕ್ಕಾಗಿ ಹೆಚ್ಚಿನ ಹಣ ಕೊಡುವವರು ಉಳಿಯಲಿಲ್ಲ.

ಮೂರನೆಯದು, ಫ್ರೇಮ್‌ನ ಸುತ್ತು. ದಾರಿಯ ಪ್ರತಿ ಯಂತ್ರವೂ ಅದನ್ನು ಓದುತ್ತಲೇ ಮುಂದಕ್ಕೆ ದಾಟಿಸುತ್ತದೆ. ವಿಳಾಸದಾರ ಯಂತ್ರವು ನಕಲು ಮಾಡಿಕೊಂಡು, ಕೊನೆಯ ಬೈಟ್‌ನಲ್ಲಿ ಎರಡು ಗುರುತು ಹಾಕುತ್ತದೆ: ವಿಳಾಸ ನನ್ನದು, ನಕಲಾಯಿತು. ಫ್ರೇಮನ್ನು ತೆಗೆಯುವುದು ಮಾತ್ರ ಕಳುಹಿಸಿದ ಯಂತ್ರದ ಕೆಲಸ. ಮರಳಿ ಬಂದ ಫ್ರೇಮ್‌ನಲ್ಲಿ ಮೊದಲ ಗುರುತೂ ಇಲ್ಲದಿದ್ದರೆ ಆ ಯಂತ್ರ ಉಂಗುರದಲ್ಲಿಲ್ಲ. ಮೊದಲನೆಯದು ಮಾತ್ರ ಇದ್ದರೆ ಯಂತ್ರವಿದೆ, ತೆಗೆದುಕೊಳ್ಳಲು ಜಾಗವಿಲ್ಲ. ಟಪಾಲಿನ ಸ್ವೀಕೃತಿ ಚೀಟಿಯೂ ಇಷ್ಟು ವಿವರ ಹೇಳುವುದಿಲ್ಲ. ಆಮೇಲೆ ಹೊಸ ಟೋಕನ್ ಹೊರಡುತ್ತದೆ.

ಇಷ್ಟು ಸುಲಭ. ಕಷ್ಟವಿರುವುದು ಟೋಕನ್ನನ್ನು ಜೀವಂತವಾಗಿಡುವುದರಲ್ಲಿ. ಆರಂಭದ ಸೆಕೆಂಡಿಗೆ 4 ಮೆಗಾಬಿಟ್ ವೇಗದಲ್ಲಿ ಒಂದು ಬಿಟ್ ಕೇಬಲ್‌ನಲ್ಲಿ ಸುಮಾರು 50 ಮೀಟರ್ ಉದ್ದಕ್ಕೆ ಚಾಚಿಕೊಳ್ಳುತ್ತದೆ. 24 ಬಿಟ್ಟಿಗೆ 1,200 ಮೀಟರ್ ಬೇಕು. ಒಂದೇ ಕೊಠಡಿಯ ಉಂಗುರದಲ್ಲಿ ಟೋಕನ್‌ನ ತಲೆ ಅದರ ಬಾಲವನ್ನೇ ತುಳಿದೀತು! ಆದ್ದರಿಂದ ಯಂತ್ರಗಳಲ್ಲೊಂದು ಮೇಲ್ವಿಚಾರಕನಾಗಿ ನಿಂತು, ತನ್ನೊಳಗೆ 24 ಬಿಟ್‌ಗಳಷ್ಟು ವಿಳಂಬವನ್ನು ಸೇರಿಸಿ ಉಂಗುರವನ್ನು ಹಿಗ್ಗಿಸುತ್ತದೆ. ತನ್ನ ಮುಂದೆ ಹಾದುಹೋಗುವ ಫ್ರೇಮ್‌ಗೆ ಅದು ಗುರುತು ಹಾಕುತ್ತದೆ; ಗುರುತಿರುವ ಫ್ರೇಮ್ ಮತ್ತೆ ಬಂದರೆ, ಕಳುಹಿಸಿದವರು ತೆಗೆಯಲಿಲ್ಲವೆಂದು ತಿಳಿದು ಉಂಗುರವನ್ನು ತೆರವು ಮಾಡಿ ಹೊಸ ಟೋಕನ್ ಬಿಡುತ್ತದೆ. ಪ್ರತಿ 7 ಸೆಕೆಂಡಿಗೊಮ್ಮೆ ತಾನಿರುವುದನ್ನು ಸಾರುತ್ತದೆ. ಆ ದನಿ ನಿಂತರೆ ಉಳಿದವು ಸ್ಪರ್ಧೆಗಿಳಿಯುತ್ತವೆ, ಸ್ಪರ್ಧಿಗಳಲ್ಲಿ ಅತಿ ದೊಡ್ಡ ವಿಳಾಸವುಳ್ಳದ್ದು ಹೊಸ ಮೇಲ್ವಿಚಾರಕನಾಗುತ್ತದೆ.

ತಂತಿಯೇ ತುಂಡಾದರೆ, ಸಂಕೇತ ಸಿಗದ ಯಂತ್ರವು ತನ್ನ ಹಿಂದಿನ ನೆರೆಯ ವಿಳಾಸವನ್ನು ಹೇಳುತ್ತ ಕೂಗತೊಡಗುತ್ತದೆ. ದೋಷವಿರುವುದು ಆ ಇಬ್ಬರಲ್ಲಿ ಅಥವಾ ಅವರ ನಡುವೆ. ಕೂಗು ಕೇಳಿದ ನೆರೆಯ ಯಂತ್ರ ಉಂಗುರದಿಂದ ಹೊರಬಂದು ತನ್ನನ್ನು ಪರೀಕ್ಷಿಸಿಕೊಳ್ಳುತ್ತದೆ. ಆದರೆ ಕೇಬಲ್ ಹುಡುಕಲು ಹೊರಡುವ ಮುನ್ನ, ಈಗಷ್ಟೇ ಸೇರಿಸಿದ ಕಾರ್ಡ್ ಇದ್ದರೆ ಅದರ ವೇಗವನ್ನು ನೋಡುವುದು ಒಳ್ಳೆಯದು: 16 ಮೆಗಾಬಿಟ್ ಉಂಗುರಕ್ಕೆ 4ಕ್ಕೆ ಹೊಂದಿಸಿದ ಒಂದೇ ಕಾರ್ಡ್ ಸೇರಿದರೂ ಇದೇ ಕೂಗು ಏಳುತ್ತದೆ.